ಅಂಗಡಿಯ ತಕ್ಕಡಿಯೂ ಯಂತ್ರದ ಬುದ್ಧಿಯೂ



ತುಂಗಭದ್ರೆಯ ದಂಡೆಯ ಮೇಲಿನ ಹುಲಿಗಿಯನ್ನು ಕಾಣದವರು ನಮ್ಮ ಸೀಮೆಯಲ್ಲಿ ವಿರಳ. ಮಂಗಳವಾರ, ಶುಕ್ರವಾರ ಮತ್ತು ಹುಣ್ಣಿಮೆಯ ದಿನಗಳಲ್ಲಿ ಹುಲಿಗೆಮ್ಮ ದೇವಿಯ ದರ್ಶನಕ್ಕೆಂದು ನೆರೆಯುವ ಜನಸಾಗರವನ್ನು ತಾವೆಲ್ಲರೂ ನೋಡಿಯೇ ಇರುತ್ತೀರಿ. ರೈಲಿನಿಂದ ಇಳಿದವರು, ಟ್ರ್ಯಾಕ್ಟರಿನಲ್ಲಿ ಮಂದಿಮಕ್ಕಳೊಡನೆ ಬಂದವರು, ಹರಕೆ ಹೊತ್ತು ಕಾಲ್ನಡಿಗೆಯಲ್ಲಿ ಬಂದವರು, ಎಲ್ಲರೂ ಗುಡಿಯ ದಾರಿಯ ಎರಡೂ ಮಗ್ಗುಲಿನ ಅಂಗಡಿಗಳ ಮುಂದೆ ಹಾಯ್ದೇ ಹೋಗುತ್ತಾರೆ. ಕಾಯಿ-ಕರ್ಪೂರ, ಕುಂಕುಮ-ಭಂಡಾರ, ಹಸಿರು ಬಳೆ, ಉಡಿ ತುಂಬುವ ಖಣ, ಬೆಂಡು-ಬತ್ತಾಸು: ಇಷ್ಟೇ ಅಲ್ಲಿಯ ಸರಕು. ಇಷ್ಟರಲ್ಲಿಯೇ ಎಷ್ಟೋ ಸಂಸಾರಗಳ ಅನ್ನ, ಮಕ್ಕಳ ಓದು, ಹೆಣ್ಣುಮಕ್ಕಳ ಮದುವೆ ಎಲ್ಲವೂ ಅಡಗಿವೆ.

ಅಂಥ ಅಂಗಡಿಗಾರನೊಬ್ಬನನ್ನು ಮನಸ್ಸಿನಲ್ಲಿ ಕಲ್ಪಿಸಿಕೊಳ್ಳಿರಿ. ಬರುವ ಹುಣ್ಣಿಮೆಗೆ ಎಷ್ಟು ತೆಂಗಿನಕಾಯಿ ತರಿಸಬೇಕೆಂಬುದು ಅವನ ಮುಂದಿರುವ ಪ್ರಶ್ನೆ. ಕಡಿಮೆ ತರಿಸಿದರೆ ಭಕ್ತರು ಪಕ್ಕದ ಅಂಗಡಿಗೆ ಹೋಗುತ್ತಾರೆ. ಹೆಚ್ಚು ತರಿಸಿದರೆ ಕಾಯಿ ಕೆಟ್ಟು ಸಾಲವಷ್ಟೇ ಉಳಿಯುತ್ತದೆ. ಮಳೆ ಬಿದ್ದಿದೆಯೆ, ಬಿತ್ತಿಗೆಯ ಗಡಿಬಿಡಿಯಿದೆಯೆ, ಭತ್ತಕ್ಕೆ ಧಾರಣೆ ಸಿಕ್ಕಿದೆಯೆ, ಹೊಳೆಗೆ ನೀರು ಬಿಟ್ಟಿದ್ದಾರೆಯೆ ಎಂಬುದನ್ನೆಲ್ಲ ಅವನು ಮನಸ್ಸಿನಲ್ಲಿಯೇ ತೂಗಿ ಒಂದು ಸಂಖ್ಯೆಯನ್ನು ಹೇಳುತ್ತಾನೆ. ಕಾಲೇಜು ಓದಿದ ಮಗ ಕೈಯಲ್ಲಿ ಮೊಬೈಲು ಹಿಡಿದು, "ಯಪ್ಪಾ, ಎಷ್ಟು ಕಾಯಿ ತರಸಬೇಕು ಅಂತ ಈ ಸಲ ಇದನ್ನ ಕೇಳೂಣು" ಎನ್ನುತ್ತಾನೆ. "ಅದಕ್ಕೇನ ಗೊತ್ತೈತಿ ನಮ್ಮ ಹುಣ್ಣಿವಿ?" ಎಂದು ತಂದೆ. "ನಿನಗರ ಹೆಂಗ ಗೊತ್ತಾತು?" ಎಂದು ಮಗ.

ಈ ಎರಡು ಪ್ರಶ್ನೆಗಳ ನಡುವೆಯೇ ನಮ್ಮ ಇಂದಿನ ವಿಚಾರವೆಲ್ಲ ಇದೆ. ಕೃತಕ ಬುದ್ಧಿಮತ್ತೆ ಎಂದು ಕರೆಯಲಾಗುವ ಈ ಹೊಸ ಸಾಧನವನ್ನು ಸಣ್ಣ ವ್ಯಾಪಾರಿಯು ತನ್ನ ಅಂಗಡಿಯೊಳಕ್ಕೆ ಬರಮಾಡಿಕೊಳ್ಳಬಹುದೆ? ಬರಮಾಡಿಕೊಂಡರೆ ಎಲ್ಲಿಂದ ಆರಂಭಿಸಬೇಕು? ಆರಂಭಿಸಿದ ಮೇಲೆ ಅವನ ಕಾಯಕವು ಅವನದೇ ಆಗಿ ಉಳಿಯುತ್ತದೆಯೆ? ಮೊದಲಿನೆರಡು ಲೌಕಿಕ ಪ್ರಶ್ನೆಗಳು. ಕೊನೆಯದು ಧರ್ಮದ ಪ್ರಶ್ನೆ. ಆದರೆ ಕೊನೆಯದನ್ನು ಬಿಟ್ಟು ಮೊದಲಿನೆರಡಕ್ಕೆ ಉತ್ತರ ಹೇಳುವುದು ಸಾಧ್ಯವಿಲ್ಲವೆಂದೇ ನಮ್ಮ ಭಾವನೆ.

ಈ ಸಾಧನವೆಂದರೇನೆಂಬುದನ್ನು ಮೊದಲು ತಿಳಿಯೋಣ. ೧೯೫೬ರಲ್ಲಿ ಅಮೆರಿಕೆಯ ಡಾರ್ಟ್‌ಮತ್ ಕಾಲೇಜಿನಲ್ಲಿ ಸೇರಿದ ವಿದ್ವಾಂಸರ ಗೋಷ್ಠಿಗಾಗಿ ಜಾನ್ ಮೆಕಾರ್ಥಿ ಎಂಬ ಗಣಿತಜ್ಞರು ಮತ್ತವರ ಸಂಗಡಿಗರು ಈ ಹೆಸರನ್ನು ಬಳಕೆಗೆ ತಂದರು. ಹಲವು ದಶಕಗಳ ಕಾಲ ಅದು ವಿದ್ವಾಂಸರ ಕೋಣೆಯಲ್ಲಿಯೇ ಇದ್ದಿತು. ೨೦೨೨ರ ನವೆಂಬರಿನಲ್ಲಿ ಚಾಟ್‌ಜಿಪಿಟಿ ಎಂಬ ಸಂಭಾಷಣೆಯ ಯಂತ್ರವು ಹೊರಬಂದ ಮೇಲೆ ಮನೆಮನೆಯ ಮಾತಾಯಿತು. ಮನುಷ್ಯರು ಬರೆದಿಟ್ಟ ಅಪಾರ ಬರಹವನ್ನು ಅದಕ್ಕೆ ಉಣಿಸಲಾಗಿದೆ. ಒಂದು ಮಾತಿನ ಮುಂದೆ ಯಾವ ಮಾತು ಬರುವ ಸಂಭವ ಹೆಚ್ಚೆಂಬುದನ್ನು ಆ ಬರಹದಿಂದ ಅದು ಕಲಿತಿದೆ. ಕೇಳಿದ ಪ್ರಶ್ನೆಗೆ ಈ ಸಂಭವದ ಲೆಕ್ಕದಿಂದಲೇ ಉತ್ತರವನ್ನು ಹೆಣೆಯುತ್ತದೆ. ಆದುದರಿಂದ ಉತ್ತರವು ಬಹುಮಟ್ಟಿಗೆ ಸರಿಯಾಗಿರುತ್ತದೆ. ಕೆಲವೊಮ್ಮೆ ಪೂರ್ತಿ ತಪ್ಪಾಗಿರುತ್ತದೆ. ಸರಿಯಾದಾಗಲೂ ತಪ್ಪಾದಾಗಲೂ ಅದರ ಧ್ವನಿ ಮಾತ್ರ ಒಂದೇ ಆಗಿರುತ್ತದೆ. ತಿಳಿಯದಿದ್ದಾಗ ತಡವರಿಸುವ ಸಂಕೋಚ ಮನುಷ್ಯನಿಗೆ ಉಂಟು. ಆ ಸಂಕೋಚವನ್ನು ಈ ಯಂತ್ರದಿಂದ ನಾವು ನೆಚ್ಚುವಂತಿಲ್ಲ.

ಇದೆಲ್ಲ ನಮಗೆ ದೂರದ ವಿಷಯವೆಂದು ತಾವು ಭಾವಿಸಬಾರದು. ತುಂಗಭದ್ರಾ ಎಡದಂಡೆ ಕಾಲುವೆಯ ನೀರು ಹರಿದ ಗಂಗಾವತಿ, ಕಾರಟಗಿಗಳ ಅಕ್ಕಿಯ ಗಿರಣಿಗಳನ್ನು ನೋಡಿರಿ. ಹಿಂದೆ ಹೆಣ್ಣುಮಕ್ಕಳು ಮೊರ ಹಿಡಿದು ಅಕ್ಕಿಯನ್ನು ಹಸನು ಮಾಡುತ್ತಿದ್ದರು. ಕರಿ ಕಾಳು, ಕಲ್ಲು, ನುಚ್ಚುಗಳನ್ನು ಅವರ ಕಣ್ಣು ಹುಡುಕುತ್ತಿತ್ತು, ಬೆರಳು ಆರಿಸುತ್ತಿತ್ತು. ಇಂದು ಸಾರ್ಟೆಕ್ಸ್ ಎಂದು ನಾವು ಕರೆಯುವ ಯಂತ್ರದೊಳಗೆ ಕಾಳುಗಳು ಧಾರೆಯಾಗಿ ಬೀಳುತ್ತಿರುವಾಗಲೇ ಕ್ಯಾಮರಾ ನೋಡುತ್ತದೆ. ಬಣ್ಣಗೆಟ್ಟ ಕಾಳನ್ನು ಗಾಳಿಯ ಸಣ್ಣ ಊದೊಂದು ಆಚೆಗೆ ತಳ್ಳುತ್ತದೆ. ನೋಡಿ ನಿರ್ಣಯಿಸುವ ಯಂತ್ರ ನಮ್ಮ ಅನ್ನದ ತಟ್ಟೆಗೆ ಬಂದು ಎಷ್ಟೋ ವರ್ಷಗಳಾದವು. ಹುಲಿಗಿಯ ಅಂಗಡಿಯಲ್ಲಿ ಇಷ್ಟು ರೂಪಾಯಿ ಬಂದಿತೆಂದು ಗಟ್ಟಿಯಾಗಿ ಸಾರುವ ಪೆಟ್ಟಿಗೆಯೂ ಇದರ ನೆರೆಹೊರೆಯದೇ. ಬಾಗಿಲಿಗೆ ಬಂದುದನ್ನು ಬರಬೇಡವೆನ್ನುವ ಕಾಲ ಕಳೆದಿದೆ. ಬಂದುದನ್ನು ಎಲ್ಲಿ ಕೂರಿಸಬೇಕೆಂಬುದೇ ಈಗಿನ ಪ್ರಶ್ನೆ.

ಕೆಲವರು ಹೇಳುವುದುಂಟು: "ನಮ್ಮ ಹಿರಿಯರು ಇದಿಲ್ಲದೆಯೇ ಬದುಕಿದರು, ನಮಗೇಕೆ?" ಈ ಮಾತಿನಲ್ಲಿ ಸತ್ಯಾಂಶವಿಲ್ಲದಿಲ್ಲ. ಆದರೆ ದೊಡ್ಡ ಬಂಡವಾಳದ ಮಳಿಗೆಗಳು ಯಾವ ಊರಿಗೆ ಯಾವ ಸರಕು ಯಾವ ವಾರ ಬೇಕಾಗುವುದೆಂಬುದನ್ನು ಈಗಾಗಲೇ ಯಂತ್ರದಿಂದ ಲೆಕ್ಕ ಹಾಕಿಸುತ್ತಿವೆ. ಅವರಿಗೆ ಸಾವಿರ ಜನ ಗುಮಾಸ್ತರೂ ಉಂಟು, ಯಂತ್ರವೂ ಉಂಟು. ಸಣ್ಣವನಿಗೆ ಎರಡೂ ಇಲ್ಲ. ಇಂಗ್ಲಿಷಿನಲ್ಲಿ ಪತ್ರ ಬರೆಯಲು ಬಾರದ ಬಳೆಗಾರನಿಗೆ ದೂರದ ಸಗಟು ವ್ಯಾಪಾರಿಗೆ ಪತ್ರ ಬರೆದುಕೊಡುವ, ಓದು ಕಡಿಮೆಯಿರುವ ತಾಯಿಗೆ ಸರ್ಕಾರಿ ಅರ್ಜಿಯನ್ನು ಕನ್ನಡದಲ್ಲಿ ಓದಿ ಹೇಳುವ ಸಾಧನವು ದೊರೆತಿರುವಾಗ ಅದನ್ನು ಬೇಡವೆಂದು ದೂಡಿದರೆ ಲಾಭವಾಗುವುದು ಉಳ್ಳವರಿಗೇ. ೨೦೨೨ರಲ್ಲಿ ಭಾರತ ಸರ್ಕಾರವು ಭಾಷಿಣಿ ಎಂಬ ಯೋಜನೆಯನ್ನು ಆರಂಭಿಸಿ ದೇಶಭಾಷೆಗಳಲ್ಲಿ ಮಾತನ್ನು ಬರಹವಾಗಿಸುವ, ಅನುವಾದಿಸುವ ಸಾಧನಗಳನ್ನು ಒದಗಿಸುತ್ತಿರುವುದೂ ಈ ಕಾರಣಕ್ಕೇ. ಪುಸ್ತಕದ ಕನ್ನಡವನ್ನು ಅರಿತಷ್ಟು ಚೆನ್ನಾಗಿ ನಮ್ಮ ಸೀಮೆಯ ಆಡುಮಾತನ್ನು ಯಂತ್ರಗಳು ಇನ್ನೂ ಅರಿತಿಲ್ಲವೆಂಬುದನ್ನು ಬಳಸುವವರು ಮರೆಯದಿದ್ದರೆ ಸಾಕು.

ಇನ್ನು ಧರ್ಮದ ಪ್ರಶ್ನೆಗೆ ಬರೋಣ. ನುಲಿಯ ಚಂದಯ್ಯನವರ ಕಥೆಯನ್ನು ತಾವು ಮಠದ ಅಂಗಳದಲ್ಲಿ ಕೇಳಿದ್ದೀರಿ. ಹುಲ್ಲು ಕೊಯ್ದು, ಹಗ್ಗ ಹೊಸೆದು ಮಾರಿ, ಬಂದುದರಿಂದ ಜಂಗಮ ದಾಸೋಹ ನಡೆಸುತ್ತಿದ್ದ ಶರಣರು ಅವರು. ಹುಲ್ಲು ಕೊಯ್ಯುತ್ತಿರುವಾಗ ಇಷ್ಟಲಿಂಗವು ಜಾರಿಬಿತ್ತು. ಚಂದಯ್ಯನವರು ಕಾಯಕವನ್ನು ನಿಲ್ಲಿಸಲಿಲ್ಲ. ತನ್ನನ್ನು ಮತ್ತೆ ಧರಿಸೆಂದು ಬೆನ್ನುಹತ್ತಿದ ಲಿಂಗದೇವನಿಗೂ ಕಾಯಕ ತಪ್ಪಲಿಲ್ಲ, ಹಗ್ಗ ಮಾರಿ ಬರುವ ಕೆಲಸ ಅವನ ಪಾಲಿಗೆ ಬಂದಿತೆಂದು ಶೂನ್ಯಸಂಪಾದನೆಯ ಪರಂಪರೆ ಹೇಳುತ್ತದೆ. ಹಗ್ಗಕ್ಕೆ ನ್ಯಾಯವಾದ ಬೆಲೆಗಿಂತ ಬಹಳ ಹೆಚ್ಚು ಹೊನ್ನು ಬಂದಿತು. ಚಂದಯ್ಯನವರು ಹಿಗ್ಗಿದರೆ? ಇಲ್ಲ, ಸಲ್ಲದ ಹಣ ಏಕೆ ತಂದೆಯೆಂದು ಗದರಿದರು.

ಈ ಕಥೆಯನ್ನು ನಾವು ಕಾಯಕದ ಹಿರಿಮೆಗೆಂದು ಹೇಳುತ್ತ ಬಂದಿದ್ದೇವೆ. ಇಂದು ಅದರಲ್ಲಿ ಇನ್ನೊಂದು ಅರ್ಥವೂ ತೋರುತ್ತದೆ. ಮಾರಿದವನು ಬೇರೆ, ಹೊಣೆ ಮಾತ್ರ ಹೊಸೆದವನದೇ. ಮಾರಿ ಬಂದವನು ಸಾಕ್ಷಾತ್ ದೇವನಾದರೂ, "ಅವನು ತಂದ, ನಾನೇನು ಮಾಡಲಿ" ಎಂದು ಚಂದಯ್ಯನವರು ಹೇಳಲಿಲ್ಲ. ದೇವನ ಕೈಯಲ್ಲಿ ಕೊಟ್ಟಾಗಲೂ ಹೊಣೆಯನ್ನು ಬಿಟ್ಟುಕೊಡದಿದ್ದ ಪರಂಪರೆಯವರು ನಾವು. ಯಂತ್ರದ ಕೈಯಲ್ಲಿ ಕೊಟ್ಟು "ಯಂತ್ರ ಹೇಳಿತು" ಎಂದು ಕೈತೊಳೆದುಕೊಳ್ಳಬಹುದೆ? ಯಂತ್ರ ಬರೆದುಕೊಟ್ಟ ಜಾಹೀರಾತಿನಲ್ಲಿ ಸುಳ್ಳಿದ್ದರೆ ಅದು ಅಂಗಡಿಯವನ ಸುಳ್ಳು. ಯಂತ್ರ ಹಾಕಿದ ಬೆಲೆಯಲ್ಲಿ ಅನ್ಯಾಯವಿದ್ದರೆ ಅದು ಅಂಗಡಿಯವನ ಅನ್ಯಾಯ. ಜಾತ್ರೆಯ ದಿನ ಜನದಟ್ಟಣೆಯನ್ನು ನೋಡಿ ಕಾಯಿಗೆ ಇಮ್ಮಡಿ ಬೆಲೆ ಹೇಳೆಂದು ಯಂತ್ರವು ಸೂಚಿಸಬಹುದು. ಲೆಕ್ಕದಲ್ಲಿ ಅದು ತಪ್ಪಲ್ಲ. ಆದರೆ ಹರಕೆ ತೀರಿಸಲು ಸಾಲ ಮಾಡಿ ಬಂದ ಮುದುಕಿಯ ಮುಖವನ್ನು ಅದು ಕಂಡಿಲ್ಲ, ಕಂಡವನು ಅಂಗಡಿಯವನು.

ಹಾಗಾದರೆ ಆರಂಭ ಹೇಗೆ? ಒಂದೇ ಕೆಲಸದಿಂದ ಆರಂಭಿಸಬೇಕು. ಅದೂ ತಪ್ಪಾದರೆ ಹೆಚ್ಚು ನಷ್ಟವಾಗದ ಕೆಲಸವಾಗಿರಬೇಕು. ದಿನದ ಮಾರಾಟವನ್ನು ಸಂಜೆ ಬಾಯಿಮಾತಿನಲ್ಲಿ ಹೇಳಿ ಬರೆಸಿಕೊಳ್ಳುವುದು, ಸರಕಿನ ಪಟ್ಟಿ ಮಾಡಿಸುವುದು, ಸಗಟು ವ್ಯಾಪಾರಿಗೆ ಪತ್ರ ಬರೆಸುವುದು: ಇಂಥವು ಮೊದಲಿಗೆ ತಕ್ಕವು. ಕೂಡಿಸಿ ಕಳೆಯುವ ಲೆಕ್ಕದಲ್ಲಿಯೂ ಸಂಭಾಷಣೆಯ ಯಂತ್ರಗಳು ಎಡವುವುದುಂಟು. ಆದುದರಿಂದ ಮೊತ್ತವನ್ನು ಹಳೆಯ ರೀತಿಯಲ್ಲಿಯೇ ಇನ್ನೊಮ್ಮೆ ತಾಳೆ ನೋಡಬೇಕು. ಕೈಬರಹದ ಖಾತೆಪುಸ್ತಕವನ್ನು ಯಾವ ಕಾರಣಕ್ಕೂ ಬಿಡಬಾರದು.

ಮುನ್ನೋಟ ಕೇಳುವ ಮುನ್ನ ಪರೀಕ್ಷೆ ಮಾಡಬೇಕು. ಹಿಂದಿನ ವರ್ಷದ ಹನ್ನೊಂದು ಹುಣ್ಣಿಮೆಗಳ ಮಾರಾಟವನ್ನು ಯಂತ್ರಕ್ಕೆ ತಿಳಿಸಿ, ಹನ್ನೆರಡನೆಯದನ್ನು ಮುಚ್ಚಿಟ್ಟು, ಅದೆಷ್ಟಿರಬೇಕೆಂದು ಕೇಳಿರಿ. ನಿಮ್ಮ ಖಾತೆಪುಸ್ತಕದಲ್ಲಿ ಉತ್ತರವು ಇದ್ದೇ ಇದೆ. ಯಂತ್ರವು ಎಷ್ಟು ಹತ್ತಿರ ಬಂದಿತೆಂಬುದು ಒಡನೆಯೇ ತಿಳಿಯುತ್ತದೆ. ಬಳಿಕ ಮೂರು ತಿಂಗಳ ಕಾಲ ಪ್ರತಿ ಹುಣ್ಣಿಮೆಗೂ ನಿಮ್ಮ ಅಂದಾಜನ್ನೂ ಯಂತ್ರದ ಅಂದಾಜನ್ನೂ ಅಕ್ಕಪಕ್ಕ ಬರೆದಿಟ್ಟು, ನಡೆದುದನ್ನು ಮೂರನೆಯ ಸಾಲಿನಲ್ಲಿ ಬರೆಯಿರಿ. ಎತ್ತನ್ನು ಕೊಳ್ಳುವ ಮೊದಲು ಹಲ್ಲು ನೋಡಿ, ನಾಲ್ಕು ಹೆಜ್ಜೆ ನಡೆಸಿ, ನೊಗಕ್ಕೆ ಹೂಡಿ ನೋಡುವ ನಾವು ಈ ಎತ್ತನ್ನು ಮಾತ್ರ ಹೊಗಳಿಕೆ ಕೇಳಿಯೇ ಏಕೆ ಕೊಳ್ಳಬೇಕು? ಆರಂಭದಲ್ಲಿ ಪುಕ್ಕಟೆ ದೊರೆಯುವುದು ಮುಂದೆ ತಿಂಗಳಿಗಿಷ್ಟೆಂದು ಹಣ ಕೇಳಬಹುದು. ಆ ಹಣವೆಂದರೆ ಎಷ್ಟು ಕಾಯಿಯ ಲಾಭವೆಂದು ಎಣಿಸಿಯೇ ಒಪ್ಪಬೇಕು. ತೆರಿಗೆ, ಕಾಯಿದೆ, ಔಷಧಗಳ ವಿಷಯದಲ್ಲಿ ಬಲ್ಲ ಮನುಷ್ಯನ ಮಾತಿಲ್ಲದೆ ಯಂತ್ರದ ಮಾತಿನಂತೆ ಹೆಜ್ಜೆಯಿಡಬಾರದು. ಪರಿಚಿತರ ಧ್ವನಿಯನ್ನು ಅನುಕರಿಸುವ ಯಂತ್ರಗಳೂ ಇಂದು ಇರುವುದರಿಂದ, ಮಗನ ಧ್ವನಿಯಲ್ಲಿಯೇ ಕರೆ ಬಂದು ಹಣ ಕೇಳಿದರೂ, ನೀವಾಗಿ ಮರಳಿ ಅವನಿಗೆ ಕರೆಮಾಡಿ ಖಚಿತಪಡಿಸಿಕೊಳ್ಳದೆ ಕಳಿಸಬಾರದು.

ಎರಡನೆಯ ವಿಚಾರ, ಗುಟ್ಟಿನದು. ಅಂಗಡಿಯವನ ಉದ್ರಿ ಪುಸ್ತಕದಲ್ಲಿ ಊರಿನ ಅರ್ಧ ಸಂಕಟ ಬರೆದಿರುತ್ತದೆ. ಯಾರ ಮನೆಯಲ್ಲಿ ಅಕ್ಕಿ ತೀರಿದೆ, ಯಾರು ಮೂರು ತಿಂಗಳಿಂದ ಬಾಕಿ ಕೊಟ್ಟಿಲ್ಲ, ಯಾರು ಯಾವ ಹರಕೆ ಹೊತ್ತಿದ್ದಾರೆ ಎಂಬುದು ಅವನಿಗೆ ಗೊತ್ತು. ಗೊತ್ತಿದ್ದೂ ಬಾಯಿ ಬಿಡುವುದಿಲ್ಲವೆಂಬ ನಂಬಿಕೆಯೇ ಅವನ ನಿಜವಾದ ಬಂಡವಾಳ. ಆ ಪುಸ್ತಕದ ಪುಟಗಳ ಚಿತ್ರ ತೆಗೆದು ಯಂತ್ರಕ್ಕೆ ಒಪ್ಪಿಸಿದರೆ ಅದು ಊರಾಚೆಯ, ಬಹುಶಃ ದೇಶದಾಚೆಯ ಯಾವುದೋ ಕಂಪನಿಯ ಗಣಕಕ್ಕೆ ಹೋಗಿ ಸೇರುತ್ತದೆ. ೨೦೨೩ರಲ್ಲಿ ನಮ್ಮ ಸಂಸತ್ತು ವ್ಯಕ್ತಿಗಳ ಡಿಜಿಟಲ್ ಮಾಹಿತಿಯ ರಕ್ಷಣೆಗಾಗಿ ಕಾಯಿದೆಯನ್ನೇ ಮಾಡಿದೆ. ಕಾಯಿದೆಗೂ ಮೊದಲಿನದು ನಂಬಿಕೆ. ಲೆಕ್ಕವನ್ನು ಕೊಡಬಹುದು, ಹೆಸರನ್ನು ಕೊಡಬಾರದು; ಎಷ್ಟು ಬಾಕಿಯೆಂದು ಹೇಳಬಹುದು, ಯಾರ ಬಾಕಿಯೆಂದು ಹೇಳಬಾರದು.

ಯಂತ್ರದ ಲೆಕ್ಕವು ಎಷ್ಟನ್ನು ಕಾಣುತ್ತದೆ, ಎಷ್ಟನ್ನು ಕಾಣುವುದಿಲ್ಲವೆಂಬುದಕ್ಕೆ ೨೦೨೫ರ ಜುಲೈ ತಿಂಗಳಲ್ಲಿ ನಮ್ಮ ರಾಜ್ಯದಲ್ಲಿಯೇ ಒಂದು ನಿದರ್ಶನ ದೊರೆಯಿತು. ಯುಪಿಐ ಮೂಲಕ ಬಂದ ಹಣದ ಮೊತ್ತವನ್ನು ನೋಡಿ ಅನೇಕ ಸಣ್ಣ ವ್ಯಾಪಾರಿಗಳಿಗೆ ವಾಣಿಜ್ಯ ತೆರಿಗೆಯ ನೋಟೀಸುಗಳು ಬಂದವು. ಸರಕಿನ ವಹಿವಾಟು ವರ್ಷಕ್ಕೆ ೪೦ ಲಕ್ಷ ರೂಪಾಯಿ ಮೀರಿದರೆ ನೋಂದಣಿ ಬೇಕೆಂಬುದು ನಿಯಮ. ಆದರೆ ತರಕಾರಿ, ಹಾಲು, ಹೂವುಗಳಂಥ ತೆರಿಗೆಯಿಲ್ಲದ ಸರಕು ಮಾರುವವರೂ ಅವರಲ್ಲಿದ್ದರು. ಖಾತೆಗೆ ಬಂದುದೆಲ್ಲವೂ ವ್ಯಾಪಾರದ ಹಣವಲ್ಲ, ಕೈಗಡವೂ ಸೇರಿದೆಯೆಂದು ಹಲವರು ಹೇಳಿಕೊಂಡರು. ಅಂಗಡಿಗಳ ಮುಂದೆ "ನಗದು ಮಾತ್ರ" ಎಂಬ ಫಲಕಗಳು ಕಂಡುಬಂದವು. ಕೊನೆಗೆ ಸರ್ಕಾರವು ವ್ಯಾಪಾರಿಗಳೊಡನೆ ಕುಳಿತು ಮಾತನಾಡಬೇಕಾಯಿತು. ನಿಯಮವೂ ಬೇಕು, ತೆರಿಗೆಯೂ ಬೇಕು. ಅದನ್ನು ನಾವು ಆಕ್ಷೇಪಿಸುವುದಿಲ್ಲ. ಗಮನಿಸಬೇಕಾದುದು ಇಷ್ಟು: ಮೊತ್ತವು ಯಂತ್ರಕ್ಕೆ ತಿಳಿದಿತ್ತು, ಅದರ ಅರ್ಥವನ್ನು ಮನುಷ್ಯನೇ ಬಂದು ಹೇಳಬೇಕಾಯಿತು. ಯಾರ ಬಳಿ ಸ್ವಂತ ಖಾತೆಪುಸ್ತಕವಿತ್ತೋ ಅವರ ಮಾತಿಗೆ ಆಧಾರವಿತ್ತು.

ಮೂರನೆಯ ವಿಚಾರ ಎಲ್ಲಕ್ಕಿಂತ ಕಠಿಣವಾದುದು: ಇನ್ನೊಬ್ಬರ ಅನ್ನದ ವಿಚಾರ. ಸಾರ್ಟೆಕ್ಸ್ ಬಂದಾಗ ಅಕ್ಕಿ ಸ್ವಚ್ಛವಾಯಿತು. ಮೊರ ಹಿಡಿದ ಕೈಗಳು ಎಲ್ಲಿಗೆ ಹೋದವೆಂದು ನಾವು ಯಾರೂ ಕೇಳಲಿಲ್ಲ. ಆ ತಪ್ಪನ್ನು ಮತ್ತೊಮ್ಮೆ ಮಾಡಬಾರದು. ಲೆಕ್ಕ ಬರೆಯುವ ಹುಡುಗನ ಕೆಲಸವನ್ನು ಯಂತ್ರ ಮಾಡಿತೆಂದು ಅವನನ್ನು ಮನೆಗೆ ಕಳಿಸುವುದು ಸುಲಭ. ಅವನಿಗೇ ಯಂತ್ರವನ್ನು ನಡೆಸಲು ಕಲಿಸಿ, ಉಳಿದ ಸಮಯದಲ್ಲಿ ಗಿರಾಕಿಗಳನ್ನು ನೋಡಿಕೊಳ್ಳುವ ಕೆಲಸ ಕೊಡುವುದು ಸ್ವಲ್ಪ ಕಷ್ಟ. ಆದರೆ ಅದೇ ಧರ್ಮ. ಬೇಕಾದುದಕ್ಕಿಂತ ಹೆಚ್ಚು ಅಕ್ಕಿಯನ್ನು ಆಯ್ದುತಂದ ಗಂಡನನ್ನು ಮರಳಿ ಕಳಿಸಿದ ಆಯ್ದಕ್ಕಿ ಲಕ್ಕಮ್ಮನವರನ್ನು ಪೂಜ್ಯರೆಂದು ನೆನೆಯುವ ನಾವು, ಯಂತ್ರದಿಂದ ಹೆಚ್ಚಾಗಿ ಬಂದುದು ಯಾರ ಪಾಲಿನದೆಂದು ಒಮ್ಮೆಯಾದರೂ ಕೇಳಿಕೊಳ್ಳಬೇಡವೆ?

ಕೊಪ್ಪಳದ ಸಮೀಪದ ಕಿನ್ನಾಳದ ಚಿತ್ರಗಾರರನ್ನೂ ಇಲ್ಲಿ ನೆನೆಯಬೇಕು. ಹಗುರವಾದ ಮರವನ್ನು ಕೆತ್ತಿ, ಹುಣಸೆ ಬೀಜದ ಅಂಟು ಬಳಸಿ, ಬಣ್ಣ ತುಂಬಿ ಅವರು ಮಾಡುವ ಬೊಂಬೆಗಳಿಗೆ ಭೌಗೋಳಿಕ ಗುರುತಿನ ಮಾನ್ಯತೆಯೂ ದೊರೆತಿದೆ. ತಮ್ಮ ಬೊಂಬೆಗಳ ವಿವರವನ್ನು ಹಲವು ಭಾಷೆಗಳಲ್ಲಿ ಬರೆಸಲು, ದೂರದ ಗಿರಾಕಿಗೆ ಉತ್ತರ ಕೊಡಲು ಈ ಯಂತ್ರವು ಅವರಿಗೆ ಒಳ್ಳೆಯ ಸೇವಕನಾಗಬಲ್ಲದು. ಅದೇ ಯಂತ್ರವು ಉಳಿ ಮುಟ್ಟದ, ಮರವೇ ಇಲ್ಲದ ಬೊಂಬೆಯ ಚಿತ್ರವನ್ನು ಕ್ಷಣದಲ್ಲಿ ಬರೆದುಕೊಡಬಲ್ಲದು. ಅದನ್ನು ಕಿನ್ನಾಳದ್ದೆಂದು ತೋರಿಸಿ ಮಾರಲು ಹೊರಡುವವರಿಗೂ ಅದು ಅಷ್ಟೇ ವಿನಯದ ಸೇವಕ. ಸಾಧನಕ್ಕೆ ಪಕ್ಷಪಾತವಿಲ್ಲ, ಅದಕ್ಕೇ ಎಚ್ಚರವು ನಮ್ಮದಾಗಬೇಕು.

ಕಡೆಯದಾಗಿ, ನಮ್ಮ ಕಣ್ಣೆದುರಿನ ಒಂದು ಘಟನೆ. ಹುಲಿಗಿಯಿಂದ ಕೂಗಳತೆಯಂತಿರುವ ತುಂಗಭದ್ರಾ ಜಲಾಶಯದ ೩೩ ಗೇಟುಗಳಲ್ಲಿ ೧೯ನೆಯದು ೨೦೨೪ರ ಆಗಸ್ಟ್ ೧೦ರ ರಾತ್ರಿ ಸರಪಳಿ ತುಂಡಾಗಿ ಕೊಚ್ಚಿಹೋಯಿತು. ತುಂಬಿದ ಜಲಾಶಯದ ನೀರು ಹೊಳೆಗೆ ಧುಮ್ಮಿಕ್ಕಿತು. ಎಡಬಲದ ರೈತರೆಲ್ಲರೂ ಎದೆ ಹಿಡಿದುಕೊಂಡು ನಿಂತರು. ಆಗ ಕರೆಬಂದುದು ಗೇಟುಗಳ ಕೆಲಸದಲ್ಲಿಯೇ ಆಯುಷ್ಯ ಸವೆಸಿದ ವಯೋವೃದ್ಧ ತಜ್ಞ ಕನ್ನಯ್ಯ ನಾಯ್ಡು ಅವರಿಗೆ. ಅವರ ಮಾರ್ಗದರ್ಶನದಲ್ಲಿ ಕೆಲಸಗಾರರು ಹರಿಯುವ ನೀರಿನಲ್ಲಿಯೇ ತಾತ್ಕಾಲಿಕ ಗೇಟನ್ನು ಇಳಿಸಿ, ಸುಮಾರು ಒಂದು ವಾರದಲ್ಲಿ ನೀರನ್ನು ತಡೆದರು. ಎಷ್ಟೋ ವರ್ಷ ಬಾಳಿದ ಸರಪಳಿಯನ್ನು ನಾವು ನಂಬಿದ್ದೆವು. ಸಾಧನವು ಸೋತ ದಿನ ಕೈಯ ಅನುಭವವುಳ್ಳ ಮನುಷ್ಯನನ್ನು ಹುಡುಕಿದೆವು. ಆ ಮನುಷ್ಯ ನಮ್ಮ ಪುಣ್ಯಕ್ಕೆ ಇನ್ನೂ ಇದ್ದರು. ಹುಣ್ಣಿಮೆಯ ಕಾಯಿಯನ್ನು ಅಂದಾಜು ಮಾಡುವ ವಿದ್ಯೆಯನ್ನು ಮಗನು ತಂದೆಯಿಂದ ಕಲಿಯದೆ ಯಂತ್ರಕ್ಕೇ ಬಿಟ್ಟುಕೊಟ್ಟರೆ, ಯಂತ್ರ ಎಡವಿದ ದಿನ ಆ ಅಂಗಡಿಯಲ್ಲಿ ಕರೆಯಲು ಯಾರಿರುತ್ತಾರೆ?

ಆದುದರಿಂದ ತಂದೆಯ ಪ್ರಶ್ನೆಯೂ ಸರಿ, ಮಗನ ಪ್ರಶ್ನೆಯೂ ಸರಿ. ತಂದೆಯು ತನಗೆ ಹೇಗೆ ತಿಳಿಯಿತೆಂಬುದನ್ನು ಮಗನಿಗೆ ಬಿಡಿಸಿ ಹೇಳಲಿ. ಮಗನು ಅದನ್ನು ಬರೆದಿಟ್ಟುಕೊಂಡು, ಯಂತ್ರವು ಹೇಳಿದುದರ ಪಕ್ಕದಲ್ಲಿಟ್ಟು ನೋಡಲಿ. ಇಬ್ಬರೂ ಕೂಡಿ ಕುಳಿತ ಆ ಸಂಜೆಯ ಹೊತ್ತೇ ಯಂತ್ರದಿಂದಾದ ಮೊದಲ ಲಾಭವೆಂದು ತಿಳಿಯಬಹುದು.

ಮಠದ ಪ್ರಸಾದ ನಿಲಯಗಳಲ್ಲಿ ಉಂಡು ಓದಿ ಇಂದು ಬೆಂಗಳೂರಿನಲ್ಲಿಯೋ ಹೊರದೇಶದಲ್ಲಿಯೋ ಗಣಕದ ಮುಂದೆ ಕುಳಿತಿರುವ ಹಳೆಯ ವಿದ್ಯಾರ್ಥಿಗಳಲ್ಲಿ ನಮ್ಮದೊಂದು ವಿನಂತಿಯಿದೆ. ಜಾತ್ರೆಗೆ ಊರಿಗೆ ಬಂದಾಗ ಒಂದು ದಿನವನ್ನು ತೆಗೆದಿಡಿರಿ. ಪರಿಚಯದ ಒಬ್ಬ ಬಳೆಗಾರ, ಒಬ್ಬ ದರ್ಜಿ, ಒಬ್ಬ ಕಾಯಿ ಮಾರುವ ತಾಯಿಯ ಅಂಗಡಿಯಲ್ಲಿ ಕುಳಿತು ಮೊದಲು ಅವರ ಕೆಲಸವನ್ನು ಕೇಳಿ ತಿಳಿಯಿರಿ. ಬಳಿಕ ಯಂತ್ರದಿಂದ ಅವರಿಗಾಗುವ ಒಂದೇ ಒಂದು ಉಪಕಾರವನ್ನು ಕಲಿಸಿಕೊಡಿರಿ. ಅದರಿಂದಾಗಬಹುದಾದ ಒಂದು ಅಪಾಯವನ್ನೂ ಮುಚ್ಚಿಡದೆ ಹೇಳಿರಿ. ಅನ್ನದಂತೆ ಅರಿವೂ ದಾಸೋಹಕ್ಕೆ ಸಲ್ಲುವ ವಸ್ತು. ಇತ್ತ ಅಂಗಡಿಯಲ್ಲಿರುವ ಬಂಧುಗಳು ಅಂಜದೆ ಕೇಳಲಿ, ಅರಿಯದೆ ಒಪ್ಪದಿರಲಿ. ಹೊಸ ಸಾಧನ ಬಂದರೂ ತಕ್ಕಡಿಯ ಮುಳ್ಳನ್ನು ನೋಡುವ ಕಣ್ಣು ಅವರದೇ ಆಗಿ ಉಳಿಯಲಿ ಎಂದು ಹಾರೈಸುತ್ತೇವೆ.